ಅಕ್ಕಿಕಾಳಿನ ಹೊತ್ತಿನ ನೆರಳು

ಲಗ್ನಪತ್ರಿಕೆ ಕೈಗೆ ಬಂದಾಗ ಬಳಗದವರು ಮೊದಲು ಹೆಸರುಗಳನ್ನು ಓದುತ್ತಾರೆ. ತಮ್ಮ ಹೆಸರು ಬಿಟ್ಟುಹೋಗಿದೆಯೇ ಎಂದು ಹುಡುಕುವವರೂ ಉಂಟು. ಮದುವೆಯ ಫೋಟೊ ತೆಗೆಯಲು ಹೊರಟ ಹೊಸಬರು ಓದಬೇಕಾದ ಸಾಲು ಬೇರೆ. ಅದು ಅಕ್ಷತಾರೋಪಣದ ವೇಳೆ. ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆ ವೇಳೆ ಎಷ್ಟೋ ಸಲ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ ಬೀಳುತ್ತದೆ. ಕಾರಣ ಪಂಚಾಂಗದಲ್ಲಿದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹದಿನೈದು ಮುಹೂರ್ತಗಳಾಗಿ ಪಾಲು ಮಾಡಿದರೆ ಎಂಟನೆಯದು ಅಭಿಜಿನ್ ಮುಹೂರ್ತ. ಹದಿನೈದರಲ್ಲಿ ಎಂಟನೆಯದೆಂದರೆ ನಟ್ಟನಡುವಿನದು. ಆದ್ದರಿಂದ ಅದರ ಮಧ್ಯಬಿಂದುವೂ ಸೂರ್ಯ ಆಕಾಶದಲ್ಲಿ ಅತಿ ಎತ್ತರಕ್ಕೇರುವ ಗಳಿಗೆಯೂ ಒಂದೇ. ಉದಾಹರಣೆಗೆ, ಹಳೆಯ ಶಿಲಾದೇಗುಲಗಳಿಗೆ ಹೆಸರಾದ ಶಿರವಾಳ, ಅದರ ತಾಲ್ಲೂಕು ಕೇಂದ್ರ ಶಹಾಪುರ, ಆಚೆಗಿನ ಸುರಪುರ, ಇವೆಲ್ಲ ಉತ್ತರ ಅಕ್ಷಾಂಶ ಹದಿನಾರೂವರೆ-ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿವೆ. ಮೇ ತಿಂಗಳ ಮೊದಲ ವಾರ ಮುಗಿಯುವಾಗ ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಶಹಾಪುರ ಇರುವುದು 77 ಡಿಗ್ರಿಯ ಸಮೀಪ. ಈ ಅಂತರ ಸೇರಿಸಿದರೆ ಆ ನಡುಹಗಲು ಇಲ್ಲಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ಬರುತ್ತದೆ. ಅಂದರೆ ಬೇಸಿಗೆಯ ಲಗ್ನಸರಾಯಿಯಲ್ಲಿ ಅಕ್ಕಿಕಾಳು ಬೀಳುವ ಹೊತ್ತೂ ಮುಖದ ಫೋಟೊಗೆ ಬೆಳಕು ಅತ್ಯಂತ ಕಠಿಣವಾಗುವ ಹೊತ್ತೂ ಒಂದರ ಮೇಲೊಂದು ಕೂತಿವೆ. ಮುಹೂರ್ತವನ್ನು ಫೋಟೊಗ್ರಾಫರ್ ಬದಲಿಸಲಾರ. ಬದಲಾಗಬೇಕಾದದ್ದು ಅವನ ನೋಟ.

ಈ ಅಧ್ಯಾಯದ ವಾದ ಇಷ್ಟೇ: ಹೊಸಬರ ಮದುವೆ ಫೋಟೊಗಳು ಕೆಡುವುದಕ್ಕೆ ಹೆಚ್ಚಿನ ಸಲ ಕಾರಣ ಅಗ್ಗದ ಕ್ಯಾಮೆರಾವೂ ಅಲ್ಲ, ಕಲೆ ಹುಟ್ಟಿನಿಂದ ಬಾರದಿರುವುದೂ ಅಲ್ಲ. ಅವರು ತಮ್ಮ ಕಣ್ಣನ್ನು ಅತಿಯಾಗಿ ನಂಬುತ್ತಾರೆ. ಕಣ್ಣು ಬೆಳಕನ್ನು ಅಳೆಯುವ ಸಾಧನವಲ್ಲ. ಬೆಳಕಿನ ಏರುಪೇರುಗಳನ್ನು ಮರೆಮಾಚಿ ವಸ್ತುಗಳನ್ನು ಗುರುತಿಸಿಕೊಡುವ ಸಾಧನ. ಮೇ ತಿಂಗಳ ಬಿಸಿಲಲ್ಲಿ ನೆಲದ ಮೇಲೆ ಬೀಳುವ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ದಪ್ಪ ಬಟ್ಟೆಯ ಹಂದರದೊಳಗೆ ಅದು ಒಂದೆರಡು ಸಾವಿರಕ್ಕೆ ಇಳಿಯಬಹುದು, ಹಳೆಯ ಮನೆಯ ಒಳಕೋಣೆಯಲ್ಲಿ ನೂರಕ್ಕೂ ಕೆಳಗೆ. ಅಂಗಳದಿಂದ ದೇವರ ಕೋಣೆಗೆ ನಡೆದುಹೋದವರಿಗೆ ಕ್ಷಣಕಾಲ ಕತ್ತಲೆನಿಸಿ ಆಮೇಲೆ ಎಲ್ಲ ಸರಿಹೋಗುತ್ತದೆ. ಬೆಳಕು ಸಾವಿರ ಪಟ್ಟು ಕುಸಿದಿದೆ ಎಂದು ಯಾರಿಗೂ ಅನಿಸುವುದಿಲ್ಲ. ಪಾಪೆ ಹಿಗ್ಗುತ್ತದೆ, ಅಕ್ಷಿಪಟದ ಕೋಶಗಳು ಸೂಕ್ಷ್ಮತೆ ಹೆಚ್ಚಿಸಿಕೊಳ್ಳುತ್ತವೆ, ಉಳಿದ ಲೆಕ್ಕವನ್ನು ಮಿದುಳು ಸರಿದೂಗಿಸುತ್ತದೆ. ಕ್ಯಾಮೆರಾದ ಸೆನ್ಸರಿಗೆ ಈ ಕರುಣೆ ಇಲ್ಲ. ಅದು ಬಿದ್ದ ಬೆಳಕನ್ನು ಎಣಿಸುತ್ತದೆ, ಅಷ್ಟೇ. ಆದ್ದರಿಂದ ಛಾಯಾಗ್ರಹಣ ಕಲಿಯುವುದೆಂದರೆ ಮಿದುಳು ಒರೆಸಿಹಾಕುವುದನ್ನು ಮತ್ತೆ ಕಾಣಲು ಕಲಿಯುವುದು. ಅದರಲ್ಲಿ ಮೊದಲನೆಯದು ನೆರಳು.

ನೆತ್ತಿಯ ಸೂರ್ಯ ಮುಖಕ್ಕೆ ಏನು ಮಾಡುತ್ತಾನೆಂದು ನೋಡೋಣ. ಹುಬ್ಬಿನ ಏಣು ಕಣ್ಣಿನ ಗುಳಿಯ ಮೇಲೆ ನೆರಳು ಚೆಲ್ಲುತ್ತದೆ, ಮೂಗು ಮೇಲ್ದುಟಿಯ ಮೇಲೆ, ಗದ್ದ ಕೊರಳಿನ ಮೇಲೆ. ಮದುಮಕ್ಕಳ ಹಣೆಗೆ ಬಾಸಿಂಗ ಕಟ್ಟಿದಾಗ ಈ ಕಷ್ಟ ಇಮ್ಮಡಿಯಾಗುತ್ತದೆ: ಮುಂದಕ್ಕೆ ಚಾಚಿದ ಬಾಸಿಂಗ ಹುಬ್ಬಿನ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ, ಅದರ ಮಿಂಚುಕಾಗದ ಬೆಳಕನ್ನು ಕನ್ನಡಿಯಂತೆ ತಿರುಗಿ ಎಸೆದು ಬಿಳಿಯ ಚುಕ್ಕೆಗಳನ್ನು ಮೂಡಿಸುತ್ತದೆ. ಒಂದೇ ಅಂಗೈ ಅಗಲದೊಳಗೆ ಚಿತ್ರದ ಅತಿ ಬೆಳ್ಳನೆಯ ಜಾಗವೂ ಅತಿ ಕಪ್ಪಗಿನ ಜಾಗವೂ ಬಂದು ಕೂರುತ್ತವೆ. ನೆರಳಿನ ಅಂಚು ಚೂರಿಯಂತೆ ಹರಿತವಾಗಿರುವುದಕ್ಕೆ ಸೂರ್ಯ ನಮಗೆ ಕಾಣುವ ಗಾತ್ರವೇ ಕಾರಣ. ಅದು ಆಕಾಶದಲ್ಲಿ ಅರ್ಧ ಡಿಗ್ರಿ ಮಾತ್ರ, ಕೈಚಾಚಿ ಹಿಡಿದ ತೊಗರಿಕಾಳಿನಷ್ಟು. ಬೆಳಕಿನ ಮೂಲ ಮುಖಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳು ಅಷ್ಟು ಮೆತ್ತಗಾಗುತ್ತದೆ. ಎಂಟು ಅಡಿ ಅಗಲದ ಬಿಳಿ ಪರದೆಯನ್ನು ನಾಲ್ಕು ಅಡಿ ದೂರದಲ್ಲಿ ಕಟ್ಟಿದರೆ ಅದು ಮುಖಕ್ಕೆ ತೊಂಬತ್ತು ಡಿಗ್ರಿ ಅಗಲದ ದೀಪ. ಅದನ್ನೇ ನಲವತ್ತು ಅಡಿ ಆಚೆಗೆ ಒಯ್ದರೆ ಹನ್ನೊಂದು ಡಿಗ್ರಿಯ ಸಣ್ಣ ದೀಪ. ಬಟ್ಟೆ ಅದೇ, ಬಿಸಿಲು ಅದೇ, ಮುಖ ಮಾತ್ರ ಬೇರೆಯಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೊಗಳು ಉತ್ತರಕ್ಕೆ ಮುಖ ಮಾಡಿದ ದೊಡ್ಡ ಗಾಜುಗಳನ್ನು ಇಟ್ಟುಕೊಂಡಿದ್ದರ ಮರ್ಮ ಇದೇ. ಈ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅವರ ಕಾಲದಲ್ಲಿ ವಿದ್ಯುತ್ ಫ್ಲ್ಯಾಶ್ ಇರಲಿಲ್ಲ. ಆಕಾಶವನ್ನೇ ದೀಪವಾಗಿ ಬಳಸಬೇಕಿತ್ತು. ಇವತ್ತಿನ ಹೊಸಬರಿಗೂ ಆ ದೀಪ ಪುಕ್ಕಟೆ. ಮದುಮಕ್ಕಳನ್ನು ಹಂದರದ ಅಂಚಿಗೆ ಕರೆತಂದು, ನೆರಳಿನೊಳಗೇ ನಿಲ್ಲಿಸಿ, ಮುಖವನ್ನು ಹೊರಗಿನ ಬಯಲಿಗೆ ತಿರುಗಿಸಿದರೆ ಸಾಕು. ಬಿಸಿಲು ತಲೆಗೆ ಬೀಳುವುದಿಲ್ಲ, ಆಕಾಶದ ಅಗಲವಾದ ಬೆಳಕು ಎದುರಿನಿಂದ ಕಣ್ಣಿನ ಗುಳಿಯವರೆಗೂ ಹೋಗುತ್ತದೆ.

ಹಾಗೆಂದು ನೆತ್ತಿಯ ಬೆಳಕು ಎಲ್ಲಕ್ಕೂ ಕೆಟ್ಟದ್ದಲ್ಲ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ 1866ರಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೊಗಳ ದೊಡ್ಡ ಗ್ರಂಥಕ್ಕೆ ವಿವರಣೆ ಬರೆದುಕೊಟ್ಟರು. ಡಾ. ಪಿಗೌ, ನೀಲ್, ಕರ್ನಲ್ ಬಿಗ್ಸ್ ತೆಗೆದ ಚಿತ್ರಗಳವು. ಅಂಥ ಕೆಲಸದಲ್ಲಿ ನೆರಳು ಗೆಳೆಯ: ಗೋಡೆಗೆ ಉಜ್ಜಿಕೊಂಡು ಹಾಯುವ ಓರೆಬೆಳಕಿನಲ್ಲೇ ಕೆತ್ತನೆಯ ಆಳ ಎದ್ದು ಕಾಣುವುದು. ಶಿರವಾಳದ ಗುಡಿಗಳಂಥ ಕಲ್ಲಿನ ಗೋಡೆಗೆ ನೆತ್ತಿಯ ಸೂರ್ಯನೂ ಓರೆಬೆಳಕೇ, ಏಕೆಂದರೆ ಅದು ಮೇಲಿನಿಂದ ಗೋಡೆಯುದ್ದಕ್ಕೂ ಜಾರಿ ಇಳಿಯುತ್ತದೆ. ಕೆತ್ತನೆಯ ಉಬ್ಬುತಗ್ಗನ್ನು ತೋರಿಸುವ ಅದೇ ಗುಣ ಮುಖದ ಉಬ್ಬುತಗ್ಗನ್ನೂ ತೋರಿಸುತ್ತದೆ. ಕಲ್ಲಿಗೆ ಅದು ಒಪ್ಪುತ್ತದೆ, ಮದುಮಗಳಿಗೆ ಒಪ್ಪುವುದಿಲ್ಲ. ಗುಡಿಯ ಮುಂದೆ ಜೋಡಿಯನ್ನು ನಿಲ್ಲಿಸಿ ಎರಡೂ ಚೆನ್ನಾಗಿ ಬರಲೆಂದು ಬಯಸುವವರು ಈ ಎರಡು ಬೇಡಿಕೆಗಳ ನಡುವೆ ಒಂದು ವೇಳೆಯನ್ನು ಆರಿಸಬೇಕು. ಅದಕ್ಕೂ ಲೆಕ್ಕವಿದೆ. ಮೇ ಮೊದಲ ವಾರದಲ್ಲಿ ಬೆಳಿಗ್ಗೆ ಒಂಬತ್ತೂ ಇಪ್ಪತ್ತರ ಸುಮಾರಿಗೆ ನಿಂತವರ ನೆರಳು ಹೆಚ್ಚುಕಮ್ಮಿ ಅವರಷ್ಟೇ ಉದ್ದ. ಏಳೂ ಇಪ್ಪತ್ತಕ್ಕೆ ಅವರ ಮೂರು ಪಟ್ಟು. ಡಿಸೆಂಬರ್ ಮೊದಲ ವಾರದಲ್ಲಾದರೆ ನಡುಹಗಲಲ್ಲೂ ಸೂರ್ಯ ಐವತ್ತೆರಡು ಡಿಗ್ರಿ ಮೀರಿ ಏರುವುದಿಲ್ಲ. ಚಳಿಗಾಲದ ಮಟಮಟ ಮಧ್ಯಾಹ್ನ ಬೇಸಿಗೆಯ ಒಂಬತ್ತೂವರೆಯ ಬೆಳಕನ್ನೇ ಕೊಡುತ್ತದೆ. ಕಾರ್ತಿಕದ ಮದುವೆಯಲ್ಲಿ ಚೆನ್ನಾಗಿ ಬಂದ ಜಾಗ, ಕೋನ, ಸೆಟ್ಟಿಂಗುಗಳನ್ನು ವೈಶಾಖದ ಮದುವೆಗೆ ನಕಲು ಮಾಡಿದವರು ಸೋಲುವುದು ಇಲ್ಲೇ.

ಎರಡನೆಯ ಮೋಸ ಬಣ್ಣದ್ದು. ಕೆಂಪು-ಹಳದಿ ಶಾಮಿಯಾನದ ಕೆಳಗೆ ಕೂತವರಿಗೆ ಎದುರಿನವರ ಬಿಳಿ ಧೋತರ ಬಿಳಿಯಾಗಿಯೇ ಕಾಣುತ್ತದೆ. ಬಟ್ಟೆಯ ಮೂಲಕ ಸೋಸಿ ಬಂದ ಬೆಳಕು ಕೆಂಪಾಗಿದ್ದರೂ ಮಿದುಳು ಆ ಕೆಂಪನ್ನು ಕಳೆದು ಉಳಿದದ್ದನ್ನು ತೋರಿಸುತ್ತದೆ. ಇದನ್ನು ವರ್ಣಸ್ಥಿರತೆ ಎನ್ನುತ್ತಾರೆ. ಫೋಟೊದಲ್ಲಿ ಬೀಗರೆಲ್ಲ ಕೆಂಡದ ಮುಂದೆ ಕೂತಂತೆ ಕಂಡಾಗ ಕ್ಯಾಮೆರಾ ಸುಳ್ಳು ಹೇಳಿತೆಂದು ದೂರುತ್ತೇವೆ. ನಿಜಕ್ಕೂ ಅದು ಹೇಳಿದ್ದೇ ಸತ್ಯ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಈ ಕೆಂಪನ್ನು ಕಳೆಯಲು ನೋಡುತ್ತದೆ, ಆದರೆ ಅದಕ್ಕೆ ಬೆಳಕಿನ ಬಣ್ಣ ಯಾವುದು, ವಸ್ತುವಿನ ಬಣ್ಣ ಯಾವುದು ಎಂದು ಖಚಿತವಾಗಿ ತಿಳಿಯುವ ದಾರಿ ಇಲ್ಲ. ಸುರಗಿ ಸುತ್ತಿ ಅರಿಶಿನ ಹಚ್ಚುವ ಹೊತ್ತಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅರಿಶಿನದ ಕರ್ಕ್ಯುಮಿನ್ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದಲೇ ನಮಗೆ ಹಳದಿಯಾಗಿ ಕಾಣುತ್ತದೆ. ಮುಖ, ಕೈ, ಸೀರೆ, ನೆಲ ಎಲ್ಲ ಹಳದಿಯಾದಾಗ ಕ್ಯಾಮೆರಾ ಬೆಳಕೇ ಹಳದಿಯೆಂದು ತಿಳಿದು ಚಿತ್ರಕ್ಕೆ ನೀಲಿ ಬೆರೆಸಿಬಿಡಬಹುದು. ಶಾಸ್ತ್ರದ ಜೀವವಾದ ಬಣ್ಣವೇ ಪೇಲವವಾಗುತ್ತದೆ. ಮದ್ದು ಸುಲಭ: ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಒಂದು ಬೂದು ಕಾರ್ಡನ್ನೋ ಅಚ್ಚಬಿಳಿ ಕಾಗದವನ್ನೋ ಮೊದಲು ತೆಗೆದು, ಇದು ಬಣ್ಣವಿಲ್ಲದ್ದು ಎಂದು ಕ್ಯಾಮೆರಾಕ್ಕೆ ತಿಳಿಸುವುದು.

ಬೆಳಕಿನ ಪ್ರಮಾಣದ ಲೆಕ್ಕದಲ್ಲೂ ಕ್ಯಾಮೆರಾ ಹೀಗೆಯೇ ಕುರುಡು. ಅದರೊಳಗಿನ ಮೀಟರ್ ಎದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಎಂದು ಎಣಿಸುತ್ತದೆ. ಬಿದ್ದ ಬೆಳಕಿನ ಶೇ. 18ರಷ್ಟನ್ನು ತಿರುಗಿಸುವ ಬೂದು ಕಾರ್ಡು ಇದಕ್ಕೆ ರೂಢಿಯ ಅಳತೆ. ಬಿಳಿ ಅಂಗಿ, ಧೋತರ, ಬಿಳಿ ರುಮಾಲಿನ ಹಿರಿಯರು ಸಾಲಾಗಿ ಕೂತರೆ ಮೀಟರ್ ಆ ಬಿಳಿಯನ್ನೆಲ್ಲ ಬೂದುಗೊಳಿಸಲು ಹೊರಟು ಮುಖಗಳನ್ನು ಕಪ್ಪಾಗಿಸುತ್ತದೆ. ಕಡುನೀಲಿ ಪರದೆಯ ಮುಂದೆ ಮದುಮಗಳು ಒಬ್ಬಳೇ ನಿಂತರೆ ಪರದೆಯನ್ನು ಬೆಳಗಿಸಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಶರ್ ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ಇದಿಷ್ಟು ಅರ್ಥವಾದವರು ಮೀಟರನ್ನು ಬೈಯದೆ ಬಳಸುತ್ತಾರೆ.

ಮೂರನೆಯ ಮೋಸ ಕಾಲದ್ದು. ಹಂದರದ ಕೆಳಗೆ ಕೈಯಿಂದ ಹಾರಿದ ಅಕ್ಕಿಕಾಳು ತನ್ನ ಎತ್ತರದ ತುದಿಯಿಂದ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗ ಪಡೆಯುತ್ತದೆ. ಶಟರ್ ಸೆಕೆಂಡಿನ 125ನೇ ಒಂದು ಭಾಗ ತೆರೆದಿದ್ದರೆ ಕಾಳು ಅಷ್ಟರಲ್ಲಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ. ಚಿತ್ರದಲ್ಲಿ ಅದು ಬಿಳಿ ಗೀರು. ಸಾವಿರದ ಒಂದು ಭಾಗವಾದರೆ ಸರಿಯುವುದು ನಾಲ್ಕೂವರೆ ಮಿಲಿಮೀಟರಿನೊಳಗೆ, ಕಾಳಿನ ಉದ್ದಕ್ಕಿಂತ ಕಡಿಮೆ. ಆಗ ಕಾಳು ಕಾಳಾಗಿ ನಿಲ್ಲುತ್ತದೆ. ಆದರೆ ಶಟರನ್ನು ಎಂಟು ಪಟ್ಟು ವೇಗವಾಗಿಸಿದರೆ ಒಳಬರುವ ಬೆಳಕು ಎಂಟರಲ್ಲಿ ಒಂದಾಗುತ್ತದೆ. ಜೊತೆಗೆ ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಕಡಿಮೆ ದರ್ಜೆಯ ಎಲ್ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಕಾಣದ ಆ ಮಿನುಗು ವೇಗದ ಶಟರಿನಲ್ಲಿ ಅಡ್ಡಪಟ್ಟೆಯಾಗಿ ಮೂಡುತ್ತದೆ. ಹಾಗಾಗಿ ಕಾಳನ್ನು ಹಿಡಿದು ನಿಲ್ಲಿಸಬೇಕೋ, ಮಳೆಯಂತೆ ಗೀರಾಗಿ ಬಿಡಬೇಕೋ ಎಂಬುದನ್ನು ಬೆಳಕು ನೋಡಿ ಮೊದಲೇ ತೀರ್ಮಾನಿಸಬೇಕು. ಮೊದಲೇ ಎನ್ನಲು ಇನ್ನೊಂದು ಕಾರಣವಿದೆ. ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಕಾಲು ಸೆಕೆಂಡು ಹಿಡಿಯುತ್ತದೆ; ಅಷ್ಟರಲ್ಲಿ ಇಳಿಯತೊಡಗಿದ ಕಾಳು ಒಂದಡಿ ಬಿದ್ದಿರುತ್ತದೆ. ಕಾಳು ಕಂಡ ಮೇಲೆ ಒತ್ತಿದರೆ ತಡವಾಯಿತು. ಮಂಗಲಾಷ್ಟಕ ಹೇಳುವ ಕಡೆ ‘ಸಾವಧಾನ’ ಎಂಬ ಪದ, ಬಾಜಾಬಜಂತ್ರಿಯ ಒಮ್ಮೆಗೇ ಏರುವ ಗತಿ, ಕಾಳು ತುಂಬಿದ ಮುಷ್ಟಿಗಳು ಹಿಂದಕ್ಕೆ ಸರಿಯುವುದು, ಇವು ಮುನ್ಸೂಚನೆಗಳು. ಶಾಸ್ತ್ರದ ಕ್ರಮ ಗೊತ್ತಿರುವುದೂ ಇಲ್ಲಿ ತಾಂತ್ರಿಕ ಕೌಶಲವೇ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಸಹಜವಾದದ್ದು: ಇವತ್ತಿನ ಮೊಬೈಲು ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದಲ್ಲ? ಒಂದಷ್ಟು ನಿಜ. ಗೂಗಲ್ಲಿನ ಎಚ್‌ಡಿಆರ್ ಪ್ಲಸ್‌ನಂಥ ವ್ಯವಸ್ಥೆಗಳು ಒಂದು ಒತ್ತಿಗೆ ಹಲವು ಚಿತ್ರಗಳನ್ನು ತೆಗೆದು, ಜೋಡಿಸಿ, ನೆರಳಿನ ಭಾಗವನ್ನು ಮೇಲೆತ್ತುತ್ತವೆ. ಆದರೆ ಜೋಡಿಸುವ ಚಿತ್ರಗಳ ನಡುವೆ ಕಾಳು ಜಾಗ ಬದಲಿಸಿರುತ್ತದೆ, ಕೈ ಅಲುಗಿರುತ್ತದೆ. ಅಲ್ಲಿ ತಂತ್ರಾಂಶ ಊಹೆಗಿಳಿಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೆರಳನ್ನು ತಿಳಿಯಾಗಿಸುವುದು ಬೇರೆ, ಬೆಳಕಿನ ದಿಕ್ಕನ್ನು ಬದಲಿಸುವುದು ಬೇರೆ. ಕಣ್ಣಿನ ಗುಳಿ ಕಪ್ಪಿನಿಂದ ಬೂದಿಗೆ ಬಂದೀತು, ಕಣ್ಣಲ್ಲಿ ಹೊಳೆಯಬೇಕಾದ ಆಕಾಶದ ಪ್ರತಿಬಿಂಬ ಬರುವುದಿಲ್ಲ. ಎರಡೇ ಹೆಜ್ಜೆ ಸರಿದು ನಿಲ್ಲಿಸಿದ್ದರೆ ಅದು ತಾನಾಗಿ ಬರುತ್ತಿತ್ತು.

ಫ್ಲ್ಯಾಶ್ ಇದ್ದರಾಯಿತು ಎಂಬುದು ಎರಡನೆಯ ಮಾತು. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಂದುತ್ತದೆ. ಎರಡು ಮೀಟರಿನಲ್ಲಿರುವ ಮದುಮಕ್ಕಳಿಗೆ ಸಿಕ್ಕಿದ್ದರಲ್ಲಿ ಕಾಲು ಭಾಗ ನಾಲ್ಕು ಮೀಟರಿನಲ್ಲಿ ನಿಂತ ಅತ್ತೆ-ಮಾವಂದಿರಿಗೆ, ಒಂಬತ್ತರಲ್ಲಿ ಒಂದು ಭಾಗ ಆರು ಮೀಟರಿನ ಬಳಗಕ್ಕೆ. ಮುಂದಿನವರು ಹಿಟ್ಟು ಮೆತ್ತಿದಂತೆ, ಹಿಂದಿನವರು ಇದ್ದಲಿನಂತೆ ಕಾಣುವ ಗುಂಪುಫೋಟೊಗಳ ರಹಸ್ಯ ಇದು. ಫ್ಲ್ಯಾಶನ್ನು ಮೇಲಿನ ಬಿಳಿ ಬಟ್ಟೆಗೆ ಹೊಡೆದು ತಿರುಗಿಸಿಕೊಂಡರೆ ಆ ಬಟ್ಟೆಯೇ ದೊಡ್ಡ ದೀಪವಾಗುತ್ತದೆ. ಅದೇ ಬಟ್ಟೆ ಹಸಿರಾಗಿದ್ದರೆ ಬಳಗವೂ ಹಸಿರಾಗುತ್ತದೆ. ಫ್ಲ್ಯಾಶ್ ಕೂಡ ಒಂದು ಬೆಳಕಿನ ಮೂಲ. ಅದರ ಗಾತ್ರ, ದೂರ, ದಿಕ್ಕು, ಬಣ್ಣವನ್ನು ಓದದವರಿಗೆ ಅದರಿಂದ ಇನ್ನೊಂದು ತೊಡಕು ಸೇರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುತ್ತೇವೆ ಎನ್ನುವವರಿಗೆ ಭೌತವಿಜ್ಞಾನ ಹೇಳುವುದು ಇಷ್ಟು: ಬೆಳಕು ಕಣಕಣವಾಗಿ ಬರುತ್ತದೆ. ಒಂದು ಬಿಂದುವಿನಲ್ಲಿ ಹತ್ತು ಸಾವಿರ ಕಣ ಬಿದ್ದರೆ ಏರುಪೇರು ಸರಾಸರಿ ನೂರು, ಅಂದರೆ ಶೇ. 1. ನೂರೇ ಕಣ ಬಿದ್ದರೆ ಏರುಪೇರು ಹತ್ತು, ಅಂದರೆ ಶೇ. 10. ಕತ್ತಲಲ್ಲಿ ತೆಗೆದದ್ದನ್ನು ಬೆಳಗಿಸಿದಾಗ ಏಳುವ ಮರಳು ಆ ಏರುಪೇರೇ. ಇನ್ನು ಅತಿಬೆಳಕಿನಿಂದ ತುಂಬಿ ತುಳುಕಿದ ಧೋತರದಲ್ಲಿ ಮಡಿಕೆಯ ವಿವರ ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ಯಾವ ತಂತ್ರಾಂಶವೂ ಮರಳಿ ತರದು.

ಮೂರನೆಯ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಮನೆಯವರಿಗೆ ಬೆಳಕಿನ ಸೂಕ್ಷ್ಮ ಬೇಕಿಲ್ಲ, ಎಲ್ಲರ ಮುಖ ಬೆಳ್ಳಗೆ ಬಂದರೆ ಸಾಕು. ಮುಖದ ಮೇಲೆ ನೆರಳಿದ್ದರೆ ಅವರಿಗೆ ಹಿಡಿಸುವುದಿಲ್ಲ, ನಮ್ಮ ಚಿತ್ರಪರಂಪರೆಯೂ ಹಾಗೇ ಅಲ್ಲವೇ? ಹೌದು, ಸುರಪುರದ ಚಿತ್ರಕಾರರ ಬಂಗಾರದ ಕೆಲಸದ ಪಟಗಳಲ್ಲಾಗಲಿ ಮೈಸೂರು, ತಂಜಾವೂರು ಶೈಲಿಯವುಗಳಲ್ಲಾಗಲಿ ಮುಖವನ್ನು ಸೀಳುವ ಗಾಢ ನೆರಳು ಕಾಣುವುದಿಲ್ಲ. ಆ ರುಚಿಯನ್ನು ಗೌರವಿಸಬೇಕು. ಆದರೆ ನೆರಳಿಲ್ಲದ ಮುಖವೂ ಬಿಳಿಚಿದ ಮುಖವೂ ಒಂದೇ ಅಲ್ಲ. ಸಮನಾದ ಬೆಳಕಿಗೆ ಮೈಬಣ್ಣವನ್ನು ಬಲಿಕೊಡಬೇಕಿಲ್ಲ. ಅಗಲವಾದ, ಎದುರಿನಿಂದ ಬರುವ ಮೆತ್ತನೆಯ ಬೆಳಕು ಕೊಡುವುದು ಇದನ್ನೇ. ಬೆಳ್ಳಗಾಗಿಸುವ ಚಟಕ್ಕೆ ಉಪಕರಣಗಳ ಇತಿಹಾಸದಲ್ಲೂ ಬೇರಿದೆ: ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕೊಡಾಕ್ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡು’ಗಳಲ್ಲಿ ಬಣ್ಣ ಹೊಂದಿಸಲು ಮಾದರಿಯಾಗಿದ್ದದ್ದು ಬಿಳಿಯ ಹೆಣ್ಣಿನ ಮುಖ. ಕಪ್ಪು, ಕಂದು ಮೈಬಣ್ಣಗಳ ಏರಿಳಿತವನ್ನು ಹಿಡಿಯುವುದು ಆ ಅಳತೆಗೋಲಿನ ಗುರಿಯಾಗಿರಲಿಲ್ಲ. 2022ರಲ್ಲಿ ಗೂಗಲ್ ಪ್ರಕಟಿಸಿದ, ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿದ ಹತ್ತು ಛಾಯೆಗಳ ಪಟ್ಟಿ ಆ ಕೊರತೆಯನ್ನು ತುಂಬುವ ಒಂದು ಯತ್ನ. ಉಪಕರಣ ಮಾಡುವವರೇ ತಿದ್ದಿಕೊಳ್ಳುತ್ತಿರುವ ತಪ್ಪನ್ನು ನಾವು ಗಿರಾಕಿಯ ಹೆಸರಲ್ಲಿ ಮುಂದುವರಿಸಬೇಕಿಲ್ಲ.

ಕೊನೆಯ ಆಕ್ಷೇಪ ಕಸುಬಿನವರದು: ನೂರು ಮದುವೆ ಮಾಡಿ, ಕೈ ತಾನೇ ಕೂಡುತ್ತದೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಸಿದ್ಧ ಅಧ್ಯಯನ ಒತ್ತಿಹೇಳಿದ್ದು ಬರೀ ಗಂಟೆಗಳ ಮೊತ್ತವನ್ನಲ್ಲ. ಒಂದು ಕೊರತೆಯನ್ನು ಗುರುತಿಸಿ, ಅದನ್ನೇ ಗುರಿಯಾಗಿಸಿ, ತಪ್ಪು ಕೂಡಲೇ ಗೊತ್ತಾಗುವಂತೆ ಮಾಡುವ ಸಾಧನೆಯನ್ನು. 2014ರಲ್ಲಿ ಬ್ರುಕ್ ಮ್ಯಾಕ್‌ನಮಾರಾ ತಂಡ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತದಲ್ಲಿ ಜನರ ನಡುವಿನ ವ್ಯತ್ಯಾಸದ ಶೇ. 21ರಷ್ಟನ್ನು ಮಾತ್ರ ಸಾಧನೆ ವಿವರಿಸಬಲ್ಲುದಾಗಿತ್ತು. ಸಾಧನೆಯೇ ಸರ್ವಸ್ವವಲ್ಲ ಎಂದು ಇದರಿಂದ ಒಪ್ಪಬೇಕು. ಆದರೂ ನಮ್ಮ ಕೈಯಲ್ಲಿರುವ ಪಾಲು ಅದೇ. ಮದುವೆಯಲ್ಲಿ ಒಂದೊಂದು ಗಳಿಗೆಯೂ ಒಮ್ಮೆ ಮಾತ್ರ ಬರುತ್ತದೆ, ತಪ್ಪು ಗೊತ್ತಾಗುವುದು ಆಲ್ಬಮ್ ತಿರುವುವಾಗ. ಕಲಿಕೆಗೆ ಅದಕ್ಕಿಂತ ಕೆಟ್ಟ ಪಾಠಶಾಲೆ ಸಿಗದು. ಹಿಂದಿನ ದಿನದ ಖಾಲಿ ಹಂದರವೇ ಒಳ್ಳೆಯ ಶಾಲೆ. ಬೇಕಾದದ್ದು ನಾರು ಸುಲಿದ ಒಂದು ತೆಂಗಿನಕಾಯಿ ಮತ್ತು ಒಂದು ಅಡಿಕೆ. ಕಣಕದ ಹಿಟ್ಟಿನಿಂದ ಅಡಿಕೆಯನ್ನು ಕಾಯಿಗೆ ಅಂಟಿಸಿದರೆ ಮೂಗಾಯಿತು. ಕಾಯಿಯ ಕಂದು ನಮ್ಮ ಮುಖಗಳ ಬಣ್ಣಕ್ಕೂ ಹತ್ತಿರ. ಅಕ್ಷತೆಯ ಅದೇ ವೇಳೆಗೆ, ಮದುಮಕ್ಕಳು ನಿಲ್ಲುವ ಜಾಗದಲ್ಲಿ, ಅವರ ಮುಖದ ಎತ್ತರಕ್ಕೆ ಅದನ್ನು ಹಿಡಿಸಿ ಸುತ್ತ ತಿರುಗಿಸುತ್ತ ಹೋಗಬೇಕು. ಅಡಿಕೆಯ ನೆರಳು ಯಾವ ಕಡೆ ಬಿತ್ತು, ಎಷ್ಟು ಉದ್ದವಾಯಿತು, ಅಂಚು ಎಲ್ಲಿ ಹರಿತ, ಎಲ್ಲಿ ಮಸುಕು. ಒಂದೊಂದಕ್ಕೂ ಒಂದು ಚಿತ್ರ, ಕೂಡಲೇ ಪರದೆಯ ಮೇಲೆ ಪರೀಕ್ಷೆ. ಒಂದು ಗಂಟೆಯಲ್ಲಿ ಮೂವತ್ತು ತಪ್ಪು ಮಾಡಬಹುದು, ಒಂದಕ್ಕೂ ಯಾರಿಗೂ ಉತ್ತರ ಹೇಳಬೇಕಿಲ್ಲ.

ಮರುದಿನ ಅದೇ ಹೊತ್ತಿಗೆ ಸೂರ್ಯ ಹೆಚ್ಚುಕಮ್ಮಿ ಅದೇ ಜಾಗದಲ್ಲಿರುತ್ತಾನೆ. ಒಂದು ದಿನದಲ್ಲಿ ಅವನ ನಡುಹಗಲ ಎತ್ತರ ಮೇ ತಿಂಗಳಲ್ಲಿ ಕಾಲು-ಮೂರನೇ ಒಂದು ಡಿಗ್ರಿಗಿಂತ ಹೆಚ್ಚು ಬದಲಾಗುವುದಿಲ್ಲ. ಪಂಚಾಂಗ ಮಾಡಿದವರು ಮುಹೂರ್ತವನ್ನು ಸೂರ್ಯನಿಗೆ ಕಟ್ಟಿದ್ದರಿಂದ ಫೋಟೊಗ್ರಾಫರನಿಗೆ ಕಷ್ಟ ಬಂತು ಎಂದು ಆರಂಭದಲ್ಲಿ ಅನಿಸಿತ್ತಲ್ಲ, ಈಗ ಅದೇ ಅವನಿಗೆ ಅನುಕೂಲ: ಬೆಳಕು ಎಲ್ಲಿಂದ ಬರುವುದೆಂದು ಅಚ್ಚಾದ ಪತ್ರಿಕೆಯೇ ತಿಂಗಳ ಮುಂಚೆ ಹೇಳಿರುತ್ತದೆ. ಹಂದರಗಂಬದ ನೆರಳು ಬುಡ ಸೇರುವ ಹೊತ್ತಿಗೆ ಜೋಡಿಯ ಮುಖ ಯಾವ ಕಡೆಗಿರಬೇಕೆಂದು ಗೊತ್ತಿದ್ದವರು, ಮಂಟಪ ಕಟ್ಟುವವರು ಬಂದ ದಿನವೇ ಹೋಗಿ, ಅದನ್ನು ಹಂದರದ ಅಂಚಿನ ಕಡೆಗೆ ನಾಲ್ಕಡಿ ಸರಿಸಿ, ತಲೆಯ ಮೇಲೆ ಒಂದು ಬಿಳಿ ಬಟ್ಟೆ ಹಾಕಿ ಎಂದು ಕೇಳಿಕೊಳ್ಳುತ್ತಾರೆ.